ಪದವಿಯೊಂದೇ ಸಾಲದು: ಆರ್ಕಿಟೆಕ್ಚರ್ ಕೋರ್ಸುಗಳ ಮಾನ್ಯತೆಯ ಒಳಹೊರಗು

ಬೆಂಗಳೂರು: ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ವೃತ್ತಿಶಿಕ್ಷಣ ಕಾಲೇಜುಗಳ ಜಾಹೀರಾತುಗಳು ಪತ್ರಿಕೆಗಳ ಪುಟಗಳನ್ನು ತುಂಬುವುದು ಪ್ರತಿವರ್ಷದ ನೋಟ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕೋರ್ಸುಗಳ ನಡುವೆ ಬಿ.ಆರ್ಕ್ ಎಂಬ ಐದು ವರ್ಷಗಳ ಪದವಿಯೂ ಈಗ ಸಾಕಷ್ಟು ಜಾಗ ಪಡೆಯುತ್ತದೆ. 'ಸರ್ಕಾರದ ಅನುಮತಿ ಪಡೆದ ಸಂಸ್ಥೆ', 'ವಿಶ್ವವಿದ್ಯಾಲಯದ ಸಂಯೋಜನೆ ಇದೆ', 'ನ್ಯಾಕ್ ಶ್ರೇಣಿ ಲಭಿಸಿದೆ' ಎಂಬ ಸಾಲುಗಳು ಈ ಜಾಹೀರಾತುಗಳಲ್ಲಿ ಸಾಮಾನ್ಯ. ಆದರೆ ಈ ಮೂರೂ ಮಾತುಗಳು ನಿಜವಾಗಿದ್ದ ಮಾತ್ರಕ್ಕೆ ಐದು ವರ್ಷ ಓದಿ ಹೊರಬಂದ ವಿದ್ಯಾರ್ಥಿಗೆ ತನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಹಕ್ಕು ಸಿಗುವುದಿಲ್ಲ. ಆ ಹಕ್ಕು ನಾಲ್ಕನೆಯ ಒಂದು ಮಾನ್ಯತೆಯನ್ನು ಅವಲಂಬಿಸಿದೆ. ಅದನ್ನು ನೀಡುವ ಅಧಿಕಾರ ಇರುವುದು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಸ್ಥಾಪಿತವಾದ ವಾಸ್ತುಶಿಲ್ಪ ಪರಿಷತ್ತಿನ ವ್ಯವಸ್ಥೆಗೆ. ಇಂಗ್ಲಿಷಿನಲ್ಲಿ ಇದು 'ಕೌನ್ಸಿಲ್ ಆಫ್ ಆರ್ಕಿಟೆಕ್ಚರ್' ಎಂದು ಪರಿಚಿತ.

ಬಹುಪಾಲು ಪದವಿಗಳಲ್ಲಿ ಮಾನ್ಯತೆ ಎಂಬುದು ಗುಣಮಟ್ಟದ ಮೊಹರು. ಆರ್ಕಿಟೆಕ್ಚರ್ ಪದವಿಯಲ್ಲಿ ಅದು ವೃತ್ತಿಯ ಹೆಬ್ಬಾಗಿಲು. ಆದ್ದರಿಂದ ಈ ಮಾನ್ಯತೆ ಎಂದರೇನು, ಅದನ್ನು ಯಾರು ಕೊಡುತ್ತಾರೆ, ಹೇಗೆ ಹಿಂಪಡೆಯುತ್ತಾರೆ ಎಂಬುದನ್ನು ಸೀಟು ಪಡೆಯುವ ಮೊದಲೇ ತಿಳಿದಿರುವುದು ಅಗತ್ಯ.

ಕಾಯ್ದೆಗೆ ಮುನ್ನ

ಭಾರತದಲ್ಲಿ ಆಧುನಿಕ ವಾಸ್ತುಶಿಲ್ಪ ಶಿಕ್ಷಣ ಬೆಳೆದದ್ದು ಮುಖ್ಯವಾಗಿ ಮುಂಬೈಯ ಸರ್ ಜೆ.ಜೆ. ಕಲಾಶಾಲೆಯ ಆಶ್ರಯದಲ್ಲಿ. ಅಲ್ಲಿ ಕಲಿತವರು 1917ರಲ್ಲಿ ಕಟ್ಟಿಕೊಂಡ ಸಂಘವೇ ಮುಂದೆ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯಾಗಿ ರೂಪುಗೊಂಡಿತು. ಆದರೆ ಸ್ವಾತಂತ್ರ್ಯಾನಂತರ ಎರಡು ದಶಕಗಳು ಕಳೆದರೂ ದೇಶದಲ್ಲಿ ಯಾರು ಬೇಕಾದರೂ ತಮ್ಮ ಹೆಸರಿನ ಮುಂದೆ 'ಆರ್ಕಿಟೆಕ್ಟ್' ಎಂದು ಬರೆದುಕೊಳ್ಳಬಹುದಾಗಿತ್ತು. ಅದನ್ನು ತಡೆಯುವ ಕಾನೂನು ಇರಲಿಲ್ಲ.

ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಕಟ್ಟಡ ನಿರ್ಮಾಣ ಹಿಂದೆಂದೂ ಕಾಣದ ವೇಗ ಪಡೆಯಿತು. ಕಚೇರಿ, ಕಾರ್ಖಾನೆ, ಆಸ್ಪತ್ರೆ, ವಸತಿ ಬಡಾವಣೆಗಳು ಎಲ್ಲೆಡೆ ತಲೆಯೆತ್ತಿದವು. ತರಬೇತಿ ಇಲ್ಲದವರೂ ಆರ್ಕಿಟೆಕ್ಟರೆಂದು ಹೇಳಿಕೊಂಡು ಕಟ್ಟಡಗಳನ್ನು ವಿನ್ಯಾಸಗೊಳಿಸತೊಡಗಿದರು. ಅಂತಹ ಕಟ್ಟಡಗಳು ದುಬಾರಿಯಾಗುವುದಲ್ಲದೆ ಅನೇಕ ವೇಳೆ ಅಪಾಯಕಾರಿಯೂ ಆಗುತ್ತಿವೆ ಎಂಬ ಆತಂಕವೇ 1972ರ ಕಾಯ್ದೆಗೆ ಕಾರಣವಾಯಿತು. ಆ ವರ್ಷದ ಸೆಪ್ಟೆಂಬರ್ 1ರಂದು ಕಾಯ್ದೆ ಜಾರಿಗೆ ಬಂದಿತು.

ಯಾರ ಪರಿಷತ್ತು?

ದೆಹಲಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಾಸ್ತುಶಿಲ್ಪ ಪರಿಷತ್ತು ಸರ್ಕಾರಿ ಇಲಾಖೆಯಲ್ಲ. ಕಾಯ್ದೆಯ ಮೂಲಕ ರಚಿತವಾದ ಶಾಸನಬದ್ಧ ಸಂಸ್ಥೆ. ವೃತ್ತಿನಿರತ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಸದಸ್ಯರ ಪೈಕಿ ಐವರನ್ನು ಇದಕ್ಕೆ ಆರಿಸಿ ಕಳುಹಿಸುತ್ತದೆ. ವಾಸ್ತುಶಿಲ್ಪ ಶಿಕ್ಷಣ ಸಂಸ್ಥೆಗಳ ಮುಖ್ಯಸ್ಥರ ಪೈಕಿ ಐವರು ಇದರಲ್ಲಿರುತ್ತಾರೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಪ್ರತಿನಿಧಿಗಳಿಗೂ, ರೈಲ್ವೆ, ರಕ್ಷಣೆ ಹಾಗೂ ಕೇಂದ್ರ ಲೋಕೋಪಯೋಗಿ ಇಲಾಖೆಯ ಮುಖ್ಯ ವಾಸ್ತುಶಿಲ್ಪಿಗಳಿಗೂ, ಪ್ರತಿಯೊಂದು ರಾಜ್ಯ ಸರ್ಕಾರದ ಒಬ್ಬ ನಾಮನಿರ್ದೇಶಿತರಿಗೂ ಸ್ಥಾನವಿದೆ. ಎಂಜಿನಿಯರುಗಳ ಮತ್ತು ಸರ್ವೇಯರುಗಳ ರಾಷ್ಟ್ರೀಯ ಸಂಸ್ಥೆಗಳೂ ಪ್ರಾತಿನಿಧ್ಯ ಪಡೆದಿವೆ.

ವಾಸ್ತುಶಿಲ್ಪಿಗಳ ರಾಷ್ಟ್ರೀಯ ನೋಂದಣಿ ಪುಸ್ತಕವನ್ನು ನಿರ್ವಹಿಸುವುದು, ವೃತ್ತಿ ನಡವಳಿಕೆಯ ನಿಯಮಗಳನ್ನು ರೂಪಿಸುವುದು ಮತ್ತು ಶಿಕ್ಷಣದ ಕನಿಷ್ಠ ಮಟ್ಟವನ್ನು ನಿಗದಿಪಡಿಸಿ ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಪರಿಷತ್ತಿನ ಮೂರು ಮುಖ್ಯ ಹೊಣೆಗಳು. ಮಾನ್ಯತೆಯ ಪ್ರಶ್ನೆ ಬರುವುದು ಮೂರನೆಯ ಹೊಣೆಯಲ್ಲಿ. ಆದರೆ ಅದರ ಪರಿಣಾಮ ಕಾಣುವುದು ಮೊದಲನೆಯದರಲ್ಲಿ.

ಒಂದೇ ಬಾಗಿಲು

ಕಾಯ್ದೆಯ 25ನೇ ಕಲಂ ಪ್ರಕಾರ ಮಾನ್ಯ ವಿದ್ಯಾರ್ಹತೆ ಹೊಂದಿದ ವ್ಯಕ್ತಿ ನಿಗದಿತ ಶುಲ್ಕ ಪಾವತಿಸಿ ನೋಂದಣಿ ಪುಸ್ತಕದಲ್ಲಿ ತನ್ನ ಹೆಸರು ಸೇರಿಸಿಕೊಳ್ಳಲು ಅರ್ಹ. ಪದವಿಯ ಬಳಿಕ ಪ್ರತ್ಯೇಕ ಪರವಾನಗಿ ಪರೀಕ್ಷೆ ಬರೆಯಬೇಕೆಂದು ಕಾಯ್ದೆ ವಿಧಿಸಿಲ್ಲ. ಇದೇ ಭಾರತೀಯ ವ್ಯವಸ್ಥೆಯ ವೈಶಿಷ್ಟ್ಯ.

ಅಮೆರಿಕದೊಡನೆ ಹೋಲಿಸಿದರೆ ಇದರ ಮಹತ್ವ ಸ್ಪಷ್ಟವಾಗುತ್ತದೆ. ಅಲ್ಲಿ ವಾಸ್ತುಶಿಲ್ಪಿಗಳಿಗೆ ಪರವಾನಗಿ ನೀಡುವ ಕಾನೂನನ್ನು ಮೊದಲು ತಂದದ್ದು ಇಲಿನಾಯ್ ರಾಜ್ಯ, 1897ರಲ್ಲಿ. ಪದವಿ ಕೋರ್ಸುಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ 1940ರಲ್ಲಿ ಸ್ಥಾಪನೆಯಾಯಿತು. ಇದು ಮಾನ್ಯತೆ ನೀಡುವುದು ಕಾಲೇಜಿಗಲ್ಲ, ನಿರ್ದಿಷ್ಟ ಪದವಿ ಕೋರ್ಸಿಗೆ. ಒಂದೇ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ಪೂರ್ವವೃತ್ತಿ ಪದವಿಗೆ ಈ ಮಾನ್ಯತೆ ಇರುವುದಿಲ್ಲ. ಅದರ ಮುಂದಿನ ವೃತ್ತಿಪರ ಸ್ನಾತಕೋತ್ತರ ಪದವಿಗೆ ಇರಬಹುದು. ಮಾನ್ಯ ಪದವಿ ಪಡೆದವರೂ ಕಚೇರಿಗಳಲ್ಲಿ ನಿಗದಿತ ಗಂಟೆಗಳ ಅನುಭವ ಗಳಿಸಿ, ಹಲವು ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರವೇ ರಾಜ್ಯದ ಪರವಾನಗಿ ಪಡೆಯುತ್ತಾರೆ. ಶಿಕ್ಷಣ, ಅನುಭವ, ಪರೀಕ್ಷೆ ಎಂಬ ಮೂರು ಜರಡಿಗಳಿವೆ. ಬ್ರಿಟನ್ನಿನಲ್ಲಿಯೂ ವೃತ್ತಿಯ ಅನುಭವ ಮತ್ತು 'ಪಾರ್ಟ್ ತ್ರೀ' ಎಂದು ಹೆಸರಾದ ಅಂತಿಮ ಪರೀಕ್ಷೆಯನ್ನು ದಾಟಿಯೇ ನೋಂದಣಿ ಪಡೆಯುವ ಪದ್ಧತಿ ದಶಕಗಳಿಂದ ಬೆಳೆದುಬಂದಿದೆ.

ಭಾರತದಲ್ಲಿ ಜರಡಿ ಒಂದೇ. ಮಾನ್ಯ ಪದವಿ ಕೈಗೆ ಬಂದರೆ ನೋಂದಣಿಯ ದಾರಿ ತೆರೆಯುತ್ತದೆ. ಪದವಿಗೆ ಮಾನ್ಯತೆ ಇಲ್ಲದಿದ್ದರೆ ವಿದ್ಯಾರ್ಥಿಯ ಸ್ವಂತ ಪ್ರತಿಭೆ ಎಷ್ಟೇ ಇದ್ದರೂ ಅದನ್ನು ತೋರಿಸಲು ಮತ್ತೊಂದು ಪರೀಕ್ಷೆಯ ಅವಕಾಶವೂ ಇಲ್ಲ. ಹೀಗಾಗಿ ಇಲ್ಲಿ ಕಾಲೇಜಿನ ಗುಣಮಟ್ಟ ನೋಡುವ ತಪಾಸಣೆಯೇ ಸಾರ್ವಜನಿಕರ ಸುರಕ್ಷತೆಯ ಕಾವಲೂ ಆಗಿದೆ.

ಮಾನ್ಯತೆಯ ಎರಡು ಪದರಗಳು

ಕಾಯ್ದೆಯಡಿ ಮಾನ್ಯತೆಗೆ ಎರಡು ಪದರಗಳಿವೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲನೆಯದು ವಿದ್ಯಾರ್ಹತೆಯ ಮಾನ್ಯತೆ. 14ನೇ ಕಲಂ ಅನ್ವಯ ಯಾವ ವಿಶ್ವವಿದ್ಯಾಲಯದ ಯಾವ ಪದವಿ ಮಾನ್ಯ ಎಂಬ ಪಟ್ಟಿ ಕಾಯ್ದೆಯ ಅನುಸೂಚಿಯಲ್ಲಿದೆ. ಪಟ್ಟಿಯಲ್ಲಿ ಇಲ್ಲದ ಸಂಸ್ಥೆ ಕೇಂದ್ರ ಸರ್ಕಾರಕ್ಕೆ ಅರ್ಜಿ ಸಲ್ಲಿಸಬೇಕು. ಪರಿಷತ್ತಿನೊಂದಿಗೆ ಸಮಾಲೋಚಿಸಿ ಸರ್ಕಾರ ಅಧಿಸೂಚನೆಯ ಮೂಲಕ ಅನುಸೂಚಿಯನ್ನು ತಿದ್ದುಪಡಿ ಮಾಡುತ್ತದೆ. ವಿದೇಶಿ ಪದವಿಗಳಿಗೆ ಸಂಬಂಧಿಸಿದ ವಿಧಿ 15ನೇ ಕಲಂನಲ್ಲಿದೆ. ಹೊರದೇಶದಲ್ಲಿ ಓದಿ ಸ್ವದೇಶಕ್ಕೆ ಮರಳಿ ಕಚೇರಿ ತೆರೆಯಲು ಬಯಸುವವರು ಈ ಕಲಂ ಅಡಿ ತಮ್ಮ ಪದವಿಯ ಸ್ಥಿತಿ ಏನೆಂಬುದನ್ನು ಹೊರಡುವ ಮುನ್ನವೇ ವಿಚಾರಿಸುವುದು ಒಳಿತು.

ಎರಡನೆಯದು ಆ ಪದವಿಗೆ ಪಾಠ ಹೇಳುವ ಕಾಲೇಜಿಗೆ ಸಿಗುವ ಅನುಮೋದನೆ. ವಿಶ್ವವಿದ್ಯಾಲಯದ ಪದವಿ ಅನುಸೂಚಿಯಲ್ಲಿದ್ದ ಮಾತ್ರಕ್ಕೆ ಅದರ ಸಂಯೋಜನೆಯಲ್ಲಿರುವ ಪ್ರತಿಯೊಂದು ಹೊಸ ಕಾಲೇಜೂ ತಾನಾಗಿ ಅನುಮೋದಿತವಾಗುವುದಿಲ್ಲ. ಕಾಲೇಜು ಕನಿಷ್ಠ ಮಟ್ಟವನ್ನು ಪಾಲಿಸುತ್ತಿದೆಯೇ ಎಂದು ಪರಿಷತ್ತು ಪರಿಶೀಲಿಸಿ, ನಿರ್ದಿಷ್ಟ ಅವಧಿಗೆ ಮತ್ತು ನಿರ್ದಿಷ್ಟ ಸಂಖ್ಯೆಯ ಸೀಟುಗಳಿಗೆ ಅನುಮೋದನೆ ನೀಡುತ್ತದೆ. ಅವಧಿ ಮುಗಿದಾಗ ಅದನ್ನು ವಿಸ್ತರಿಸಿಕೊಳ್ಳಬೇಕಾಗುತ್ತದೆ. ಅನುಮೋದಿತ ಸಂಖ್ಯೆಯನ್ನು ಮೀರಿ ದಾಖಲಿಸಿಕೊಂಡ ವಿದ್ಯಾರ್ಥಿ ಅದೇ ತರಗತಿಯಲ್ಲಿ ಕುಳಿತು, ಅದೇ ಪರೀಕ್ಷೆ ಬರೆದು ಪದವಿ ಪಡೆದರೂ ನೋಂದಣಿಯ ವೇಳೆ ತೊಡಕಿಗೆ ಸಿಲುಕುತ್ತಾನೆ.

ಅಂದರೆ 'ಈ ಕಾಲೇಜಿಗೆ ಮಾನ್ಯತೆ ಇದೆಯೇ?' ಎಂಬ ಪ್ರಶ್ನೆ ಅಪೂರ್ಣ. 'ಈ ವರ್ಷದ ಪ್ರವೇಶಕ್ಕೆ, ಎಷ್ಟು ಸೀಟುಗಳಿಗೆ ಅನುಮೋದನೆ ಇದೆ?' ಎಂಬುದು ಸರಿಯಾದ ಪ್ರಶ್ನೆ.

ತಪಾಸಣೆ ಹೇಗೆ?

18ನೇ ಕಲಂ ಪ್ರಕಾರ ಮಾನ್ಯ ಪದವಿ ನೀಡುವ ಪ್ರತಿಯೊಂದು ಸಂಸ್ಥೆ ತನ್ನ ಪಠ್ಯಕ್ರಮ, ಪರೀಕ್ಷೆ, ಪ್ರವೇಶದ ವಯೋಮಿತಿ ಮೊದಲಾದ ಮಾಹಿತಿಯನ್ನು ಪರಿಷತ್ತು ಕೇಳಿದಾಗ ಒದಗಿಸಬೇಕು. 19ನೇ ಕಲಂ ಅಡಿ ಪರಿಷತ್ತಿನ ಕಾರ್ಯಕಾರಿ ಸಮಿತಿ ತಪಾಸಕರನ್ನು ನೇಮಿಸುತ್ತದೆ. ಬೋಧಕ ವರ್ಗ, ಉಪಕರಣ, ಕಟ್ಟಡ, ತರಬೇತಿ ಮತ್ತಿತರ ಸೌಲಭ್ಯಗಳು ಸಾಕಷ್ಟಿವೆಯೇ ಎಂದು ನೋಡಿ ವರದಿ ನೀಡುವುದು ಅವರ ಕೆಲಸ. ತರಬೇತಿ ಅಥವಾ ಪರೀಕ್ಷೆ ನಡೆಸುವ ಕಾರ್ಯದಲ್ಲಿ ಹಸ್ತಕ್ಷೇಪ ಮಾಡುವಂತಿಲ್ಲ ಎಂದು ಕಾಯ್ದೆ ಅವರಿಗೆ ಮಿತಿ ಹಾಕಿದೆ.

ವರದಿಯ ಪ್ರತಿಯನ್ನು ಸಂಸ್ಥೆಗೆ ಕಳುಹಿಸಿ ಅಭಿಪ್ರಾಯ ಪಡೆಯಲಾಗುತ್ತದೆ. ಲೋಪ ಗಂಭೀರವಾಗಿದ್ದು ಪದವಿಯ ಮಾನ್ಯತೆಯನ್ನೇ ಹಿಂಪಡೆಯಬೇಕೆಂದು ಕಂಡುಬಂದರೆ 20ನೇ ಕಲಂನ ದೀರ್ಘ ದಾರಿ ಹಿಡಿಯಬೇಕು. ಪರಿಷತ್ತು ಕೇಂದ್ರ ಸರ್ಕಾರಕ್ಕೆ ವರದಿ ಮಾಡುತ್ತದೆ. ಕೇಂದ್ರವು ಅದನ್ನು ಸಂಬಂಧಪಟ್ಟ ರಾಜ್ಯ ಸರ್ಕಾರಕ್ಕೆ ಕಳುಹಿಸುತ್ತದೆ. ರಾಜ್ಯವು ಸಂಸ್ಥೆಯಿಂದ ವಿವರಣೆ ಪಡೆದು ತನ್ನ ಶಿಫಾರಸಿನೊಂದಿಗೆ ಕೇಂದ್ರಕ್ಕೆ ಮರಳಿಸುತ್ತದೆ. ಅಗತ್ಯವೆನಿಸಿದ ವಿಚಾರಣೆಯ ನಂತರ ಕೇಂದ್ರ ಸರ್ಕಾರವು, ನಿರ್ದಿಷ್ಟ ದಿನಾಂಕಕ್ಕಿಂತ ಮೊದಲು ಪಡೆದ ಪದವಿ ಮಾತ್ರ ಮಾನ್ಯ ಎಂದು ಅಧಿಸೂಚನೆ ಹೊರಡಿಸಬಹುದು.

ಈ ಕೊನೆಯ ಅಂಶ ವಿದ್ಯಾರ್ಥಿಗಳಿಗೆ ರಕ್ಷಣೆಯೂ ಹೌದು, ಎಚ್ಚರಿಕೆಯೂ ಹೌದು. ಆ ದಿನಾಂಕಕ್ಕೆ ಮೊದಲೇ ಪದವಿ ಪಡೆದವರ ಹಕ್ಕಿಗೆ ಚ್ಯುತಿ ಬರುವುದಿಲ್ಲ. ಆದರೆ ಅದೇ ಕಟ್ಟಡದಿಂದ ಅದೇ ಹೆಸರಿನ ಪದವಿಯನ್ನು ಆ ಬಳಿಕ ಪಡೆದವರಿಗೆ ಅದು ಅನ್ವಯಿಸುವುದಿಲ್ಲ.

ನಲವತ್ತು ಮಂದಿಯ ತರಗತಿ

ಶಿಕ್ಷಣದ ಕನಿಷ್ಠ ಮಟ್ಟ ನಿಗದಿಪಡಿಸುವ ಅಧಿಕಾರ ಪರಿಷತ್ತಿಗೆ ಬಂದದ್ದು 21ನೇ ಕಲಂನಿಂದ. ಅದರಂತೆ ಮೊದಲ ನಿಯಮಾವಳಿ 1983ರಲ್ಲಿ ಜಾರಿಯಾಯಿತು. ಐದು ವರ್ಷಗಳ ಕೋರ್ಸು, ಮೊದಲ ಹಂತ ಮೂರು ವರ್ಷ, ಎರಡನೆಯ ಹಂತ ಎರಡು ವರ್ಷ, ವೃತ್ತಿನಿರತರ ಕಚೇರಿಯಲ್ಲಿ ಒಂದು ಸೆಮಿಸ್ಟರ್ ಪ್ರಾಯೋಗಿಕ ತರಬೇತಿ, ಒಂದು ತರಗತಿಯಲ್ಲಿ ಗರಿಷ್ಠ 40 ವಿದ್ಯಾರ್ಥಿಗಳು, ಎಂಟು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಎಂಬುದು ಆ ನಿಯಮಾವಳಿಯ ಸಾರ. ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಚಾಲ್ತಿಯಲ್ಲಿದ್ದ ಈ ನಿಯಮಾವಳಿಯ ಜಾಗದಲ್ಲಿ 2020ರಲ್ಲಿ ಹೊಸ ನಿಯಮಾವಳಿ ಬಂದಿದೆ. ಐದು ವರ್ಷಗಳ ಅವಧಿ ಮತ್ತು ಕಚೇರಿ ತರಬೇತಿ ಅದರಲ್ಲಿಯೂ ಮುಂದುವರಿದಿವೆ.

ಸಂಖ್ಯೆಗಳಿಗೆ ಇಷ್ಟು ಮಹತ್ವವೇಕೆ ಎಂಬ ಪ್ರಶ್ನೆ ಸಹಜ. ಎಂಜಿನಿಯರಿಂಗ್ ಅಥವಾ ವಾಣಿಜ್ಯ ತರಗತಿಯಂತೆ ಆರ್ಕಿಟೆಕ್ಚರ್ ಪಾಠ ಕೇವಲ ಉಪನ್ಯಾಸದಿಂದ ಸಾಗುವುದಿಲ್ಲ. ಅದರ ಜೀವಾಳ ಡಿಸೈನ್ ಸ್ಟುಡಿಯೊ. ಒಂದು ನಿವೇಶನ, ಒಂದು ಅಗತ್ಯವನ್ನು ಕೊಟ್ಟು ಕಟ್ಟಡ ವಿನ್ಯಾಸಗೊಳಿಸಲು ಹೇಳಿದಾಗ ಪ್ರತಿಯೊಬ್ಬ ವಿದ್ಯಾರ್ಥಿಯ ನಕ್ಷೆಯೂ ಬೇರೆ. ಬೋಧಕರು ಒಬ್ಬೊಬ್ಬರ ಮೇಜಿನ ಬಳಿ ಕುಳಿತು, ಮೆಟ್ಟಿಲಿನ ಅಳತೆಯಿಂದ ಗಾಳಿಬೆಳಕಿನ ದಿಕ್ಕಿನವರೆಗೆ ತಿದ್ದಬೇಕು. ಕೊನೆಯಲ್ಲಿ 'ಜೂರಿ' ಎಂಬ ಪರೀಕ್ಷಕರ ಸಮಿತಿಯ ಮುಂದೆ ನಕ್ಷೆ ಮತ್ತು ಮಾದರಿಗಳನ್ನಿಟ್ಟು ವಿದ್ಯಾರ್ಥಿ ತನ್ನ ವಿನ್ಯಾಸವನ್ನು ಸಮರ್ಥಿಸಿಕೊಳ್ಳಬೇಕು. ತರಗತಿಯ ಗಾತ್ರ ಹಿಗ್ಗಿದಂತೆ, ಬೋಧಕರ ಸಂಖ್ಯೆ ಕುಗ್ಗಿದಂತೆ ಈ ತಿದ್ದುವಿಕೆಯೇ ಮೊದಲು ಮಾಯವಾಗುತ್ತದೆ. ಕಾಗದದ ಮೇಲೆ ಕಾಣುವ ಅನುಪಾತ ನಿಜವಾಗಿ ಪಾಲನೆಯಾಗುತ್ತಿದೆಯೇ ಎಂಬುದು ಆದ್ದರಿಂದ ತಪಾಸಣೆಯ ಮುಖ್ಯ ಪ್ರಶ್ನೆ.

ಎರಡು ಯಜಮಾನರ ಕಾಲ

ಹಲವು ವರ್ಷಗಳ ಕಾಲ ಆರ್ಕಿಟೆಕ್ಚರ್ ಕಾಲೇಜುಗಳು ಇಬ್ಬರು ಯಜಮಾನರಿಗೆ ಉತ್ತರಿಸಬೇಕಾಗಿತ್ತು. ಎಐಸಿಟಿಇಗೆ ಶಾಸನಬಲ ನೀಡಿದ 1987ರ ಕಾಯ್ದೆಯು 'ತಾಂತ್ರಿಕ ಶಿಕ್ಷಣ'ದ ವ್ಯಾಖ್ಯೆಯಲ್ಲಿ ಎಂಜಿನಿಯರಿಂಗ್ ಜೊತೆಗೆ ವಾಸ್ತುಶಿಲ್ಪವನ್ನೂ ಸೇರಿಸಿತು. ಇತ್ತ 1972ರ ಕಾಯ್ದೆಯೂ ಜಾರಿಯಲ್ಲಿತ್ತು. ಒಂದೇ ಕೋರ್ಸಿಗೆ ಎರಡು ಅರ್ಜಿ, ಎರಡು ತಪಾಸಣೆ, ಎರಡು ಬಗೆಯ ಮಾನದಂಡ ಎಂಬ ಸ್ಥಿತಿ ಉಂಟಾಯಿತು. ಒಂದು ಸಂಸ್ಥೆ ಒಪ್ಪಿದ್ದನ್ನು ಇನ್ನೊಂದು ಒಪ್ಪದಿದ್ದರೆ ಬಡವಾಗುತ್ತಿದ್ದವರು ವಿದ್ಯಾರ್ಥಿಗಳು.

ಮಹಾರಾಷ್ಟ್ರದ ಕೊಲ್ಹಾಪುರದ ವಾಸ್ತುಶಿಲ್ಪ ಕಾಲೇಜಿಗೆ ಸಂಬಂಧಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಸಾಗಿ, 2019ರ ನವೆಂಬರ್ 8ರಂದು ಈ ವಿವಾದಕ್ಕೆ ತೆರೆ ಬಿದ್ದಿತು. ವಾಸ್ತುಶಿಲ್ಪದ ಪದವಿ, ಡಿಪ್ಲೊಮಾಗಳ ಮಾನ್ಯತೆಗೆ ಸಂಬಂಧಿಸಿದಂತೆ 1972ರ ಕಾಯ್ದೆಯೇ ಮೇಲುಗೈ ಪಡೆಯುತ್ತದೆ, ಎಐಸಿಟಿಇ ಈ ವಿಷಯದಲ್ಲಿ ನಿಯಂತ್ರಣ ಕ್ರಮ ವಿಧಿಸುವಂತಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಬಳಿಕ ಬಂದ ಶಾಲೆಕಾಲೇಜುಗಳ ಜಾಹೀರಾತಿನಲ್ಲಿ ಬರೀ ಎಐಸಿಟಿಇಯ ಹೆಸರು ಕಂಡರೆ ಅದು ಆರ್ಕಿಟೆಕ್ಚರ್ ಪದವಿಯ ಮಟ್ಟಿಗೆ ಉತ್ತರವಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಹೆಸರಿಗೆ ಕಾವಲು, ಕೆಲಸಕ್ಕಲ್ಲ

ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಎಂಬ ಬಿರುದನ್ನು ಬಳಸುವಂತಿಲ್ಲ ಎಂದು 37ನೇ ಕಲಂ ಹೇಳುತ್ತದೆ. ಉದ್ಯಾನ ಮತ್ತು ಭೂದೃಶ್ಯ ವಿನ್ಯಾಸ ಮಾಡುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಹಡಗುಗಳ ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್ ಎಂಬ ಹೆಸರುಗಳಿಗೆ ಮಾತ್ರ ವಿನಾಯಿತಿ ಇದೆ. 1972ರಲ್ಲಿ ಈ ತಪ್ಪಿಗೆ ಮೊದಲ ಬಾರಿ ವಿಧಿಸಬಹುದೆಂದು ಗೊತ್ತುಪಡಿಸಿದ ದಂಡ ಗರಿಷ್ಠ 500 ರೂಪಾಯಿ. ಪುನರಾವರ್ತನೆಯಾದರೆ ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿತ್ತು.

ಆದರೆ ಕಾಯ್ದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ. ಕಟ್ಟಡ ವಿನ್ಯಾಸದ ಏಕಸ್ವಾಮ್ಯವನ್ನು ವಾಸ್ತುಶಿಲ್ಪಿಗಳಿಗೆ ಕೊಡುವುದು ತನ್ನ ಉದ್ದೇಶವಲ್ಲ, ಎಂಜಿನಿಯರುಗಳು ತಮ್ಮ ಕೆಲಸ ಮುಂದುವರಿಸಬಹುದು ಎಂಬುದು ಮಸೂದೆಯ ಉದ್ದೇಶಗಳಲ್ಲಿಯೇ ಇತ್ತು. 2020ರ ಮಾರ್ಚ್ 17ರಂದು ನೊಯಿಡಾ ಪ್ರಾಧಿಕಾರದ ಹುದ್ದೆಯೊಂದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದಕ್ಕೆ 37ನೇ ಕಲಂ ಅಡ್ಡಿಯಲ್ಲ. ಆದರೆ ನೋಂದಣಿ ಇಲ್ಲದವರನ್ನು ಆರ್ಕಿಟೆಕ್ಟ್ ಎಂಬ ಹೆಸರಿನ ಹುದ್ದೆಯಲ್ಲಿ ಕೂರಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು.

ರಾಜ್ಯದ ಊರುಗಳಲ್ಲಿ ಮನೆ ಕಟ್ಟಿಸುವವರು ನಕ್ಷೆಗಾಗಿ ಹೋಗುವುದು ಬಹುತೇಕ ಸಿವಿಲ್ ಎಂಜಿನಿಯರ್ ಬಳಿಗೆ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಕೇಳುವುದು ವಾಸ್ತು ಪಂಡಿತರನ್ನು. ಕನ್ನಡದಲ್ಲಿ ಆರ್ಕಿಟೆಕ್ಟನಿಗೂ 'ವಾಸ್ತುಶಿಲ್ಪಿ' ಎಂಬ ಪದವೇ ಬಳಕೆಯಲ್ಲಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚು. ಈ ಮೂವರಲ್ಲಿ ಪರಿಷತ್ತಿನ ನೋಂದಣಿ ಸಂಖ್ಯೆ ಹೊಂದಿರಬೇಕಾದವರು ಆರ್ಕಿಟೆಕ್ಟ್ ಮಾತ್ರ. ಹಾಗೆಂದು ಕರೆದುಕೊಳ್ಳುವವರಿಂದ ಆ ಸಂಖ್ಯೆಯನ್ನು ಕೇಳುವ ಅವಕಾಶ ಮನೆ ಕಟ್ಟಿಸುವವರಿಗೆ ಸದಾ ಇದೆ.

ನ್ಯಾಕ್, ಎನ್‌ಬಿಎ ಏನು?

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, 1994ರಲ್ಲಿ ಆರಂಭವಾಯಿತು. ಅದು ಇಡೀ ಸಂಸ್ಥೆಯನ್ನು ಅಳೆಯುತ್ತದೆ. ಅದೇ ವರ್ಷ ಹುಟ್ಟಿದ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ತಾಂತ್ರಿಕ ಶಿಕ್ಷಣದ ಒಂದೊಂದು ಕೋರ್ಸನ್ನು ಪ್ರತ್ಯೇಕವಾಗಿ ಅಳೆಯುತ್ತದೆ. ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿಯಲ್ಲಿ ವಾಸ್ತುಶಿಲ್ಪಕ್ಕೆ 2018ರಿಂದ ಪ್ರತ್ಯೇಕ ವಿಭಾಗವಿದೆ. ಇವೆಲ್ಲ ಗುಣಮಟ್ಟ ಹೋಲಿಸಲು ನೆರವಾಗುತ್ತವೆ. ಆದರೆ ಇವುಗಳಲ್ಲಿ ಯಾವುದೂ 1972ರ ಕಾಯ್ದೆಯ ಮಾನ್ಯತೆಗೆ ಬದಲಿಯಲ್ಲ. ಉತ್ತಮ ಶ್ರೇಣಿ ಪಡೆದ ವಿಶ್ವವಿದ್ಯಾಲಯವೊಂದು ಹೊಸದಾಗಿ ಬಿ.ಆರ್ಕ್ ಆರಂಭಿಸಿದರೆ ಹಳೆಯ ಶ್ರೇಣಿ ಆ ಕೋರ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸ್ವಾಯತ್ತ, ಖಾಸಗಿ, ಡೀಮ್ಡ್ ಎಂಬ ಭೇದವಿಲ್ಲದೆ ಎಲ್ಲ ಸಂಸ್ಥೆಗಳಿಗೂ ಈ ಮಾತು ಅನ್ವಯ.

ಅಂತರರಾಷ್ಟ್ರೀಯವಾಗಿ ಯುನೆಸ್ಕೊ ಮತ್ತು ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಒಕ್ಕೂಟ 1996ರಲ್ಲಿ ವಾಸ್ತುಶಿಲ್ಪ ಶಿಕ್ಷಣದ ಸನ್ನದನ್ನು ರೂಪಿಸಿದವು. ವಿವಿಧ ದೇಶಗಳ ಮಾನ್ಯತಾ ಮಂಡಳಿಗಳು ಪರಸ್ಪರರ ಪದ್ಧತಿಯನ್ನು ಸಮಾನವೆಂದು ಒಪ್ಪುವ ಕ್ಯಾನ್‌ಬೆರಾ ಒಪ್ಪಂದ 2008ರಲ್ಲಿ ಆಯಿತು. ಆದರೂ ಪರವಾನಗಿಯ ಅಂತಿಮ ನಿರ್ಧಾರ ಆಯಾ ದೇಶದ ಕಾನೂನಿಗೆ ಬಿಟ್ಟದ್ದು.

ಪ್ರವೇಶದ ದಾರಿ

ಬಿ.ಆರ್ಕ್ ಪ್ರವೇಶಕ್ಕೆ ಪಿಯುಸಿ ಅಂಕಗಳಷ್ಟೇ ಸಾಲವು. ಅಭಿರುಚಿ ಪರೀಕ್ಷೆ ಕಡ್ಡಾಯ. ಪರಿಷತ್ತು 2006ರಿಂದ ನಡೆಸುತ್ತಿರುವ 'ನಾಟಾ' ಇದರಲ್ಲಿ ಮುಖ್ಯವಾದುದು. ಎನ್‌ಐಟಿಗಳು ಮತ್ತು ಕೇಂದ್ರದ ಯೋಜನೆ ಹಾಗೂ ವಾಸ್ತುಶಿಲ್ಪ ಶಾಲೆಗಳಿಗೆ ಜೆಇಇ ಮುಖ್ಯ ಪರೀಕ್ಷೆಯ ಪ್ರತ್ಯೇಕ ಪತ್ರಿಕೆ ಇದೆ. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರವು ನಾಟಾ ಅಂಕ ಮತ್ತು ಅರ್ಹತಾ ಪರೀಕ್ಷೆಯ ಅಂಕಗಳಿಗೆ ಸಮಾನ ತೂಕ ಕೊಟ್ಟು ರ್‍ಯಾಂಕ್ ನೀಡುವ ಪದ್ಧತಿ ಅನುಸರಿಸುತ್ತ ಬಂದಿದೆ. ಗಣಿತ ಓದಿರುವುದು ಅವಶ್ಯ. 'ಅಭಿರುಚಿ ಪರೀಕ್ಷೆ ಬೇಡ, ನೇರ ಪ್ರವೇಶ ಕೊಡುತ್ತೇವೆ' ಎಂಬ ಭರವಸೆ ಎಲ್ಲಿಯಾದರೂ ಕೇಳಿಬಂದರೆ ಅಲ್ಲಿಯೇ ಎಚ್ಚರ ವಹಿಸಬೇಕು.

ಸೀಟು ಪಡೆಯುವ ಮುನ್ನ

ವಿದ್ಯಾರ್ಥಿಗಳು ಹಾಗೂ ಪೋಷಕರು ಪರಿಶೀಲಿಸಬೇಕಾದ ಅಂಶಗಳು ಹೀಗಿವೆ:

* ಪರಿಷತ್ತು ಪ್ರಕಟಿಸುವ ಅನುಮೋದಿತ ಸಂಸ್ಥೆಗಳ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ? ಊರು ಮತ್ತು ಆವರಣ ಅದೇ ಆಗಿದೆಯೇ?

* ಅನುಮೋದನೆ ಈ ಶೈಕ್ಷಣಿಕ ವರ್ಷಕ್ಕೆ ಅನ್ವಯಿಸುತ್ತದೆಯೇ? ಹಳೆಯ ಪತ್ರ ತೋರಿಸಿ 'ವಿಸ್ತರಣೆ ಬರಲಿದೆ' ಎನ್ನುವ ಮಾತು ಸಾಕಾಗುವುದಿಲ್ಲ.

* ಅನುಮೋದಿತ ಸೀಟುಗಳೆಷ್ಟು? ದಾಖಲಾತಿ ಅದರ ಒಳಗೇ ಇದೆಯೇ?

* ಪದವಿಯ ಹೆಸರೇನು? ಒಳಾಂಗಣ ವಿನ್ಯಾಸ, ಯೋಜನಾ ಶಾಸ್ತ್ರ ಅಥವಾ ಕಟ್ಟಡ ತಂತ್ರಜ್ಞಾನದ ಪದವಿಗಳು ಉಪಯುಕ್ತವೇ ಆದರೂ ಅವು ಬಿ.ಆರ್ಕ್ ಅಲ್ಲ.

* ಪದವಿ ನೀಡುವ ವಿಶ್ವವಿದ್ಯಾಲಯ ಕಾಯ್ದೆಯ ಅನುಸೂಚಿಯಲ್ಲಿದೆಯೇ?

* ಪೂರ್ಣಾವಧಿ ಬೋಧಕರು ಎಷ್ಟು ಮಂದಿ? ಒಮ್ಮೆ ಸ್ಟುಡಿಯೊದಲ್ಲಿ ಹೊಕ್ಕು ನೋಡಿದರೆ ಯಾವ ಕೈಪಿಡಿಯೂ ಹೇಳದ ಉತ್ತರ ಸಿಗುತ್ತದೆ.

ಮುಂದೇನು?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಾಸ್ತುಶಿಲ್ಪ ಪರಿಷತ್ತೂ ಸೇರಿದಂತೆ ವೃತ್ತಿ ಪರಿಷತ್ತುಗಳು ನಿಯಂತ್ರಕರಾಗಿ ಉಳಿಯದೆ, ವೃತ್ತಿಯ ಮಾನದಂಡ ರೂಪಿಸುವ ಸಂಸ್ಥೆಗಳಾಗಬೇಕೆಂದು ಸೂಚಿಸಿದೆ. ಅನುಮತಿ ಕೊಡುವವರು, ಗುಣಮಟ್ಟ ಅಳೆಯುವವರು, ಮಾನದಂಡ ಬರೆಯುವವರು ಬೇರೆಬೇರೆ ಆಗಿರಬೇಕೆಂಬುದು ಅದರ ಆಶಯ. ವ್ಯವಸ್ಥೆ ಯಾವ ರೂಪ ತಳೆದರೂ ಪ್ರಶ್ನೆಯೊಂದು ಉಳಿಯುತ್ತದೆ. ಪದವಿಯ ನಂತರ ಮತ್ತೊಂದು ಪರೀಕ್ಷೆ ಇಲ್ಲದ ದೇಶದಲ್ಲಿ, ಸ್ಟುಡಿಯೊದೊಳಗೆ ನಡೆಯುವ ಪಾಠವನ್ನು ನಿಷ್ಠುರವಾಗಿ ನೋಡಿ ಬರೆಯುವ ಕಣ್ಣು ಬೇಕೇ ಬೇಕು. ಅದು ಮಂಜಾದರೆ ನಷ್ಟ ಅನುಭವಿಸುವವರು ಐದು ವರ್ಷ ಮತ್ತು ಶುಲ್ಕ ಕಳೆದುಕೊಂಡ ವಿದ್ಯಾರ್ಥಿಗಳಷ್ಟೇ ಅಲ್ಲ. ಆ ವಿದ್ಯಾರ್ಥಿಗಳು ಮುಂದೆ ರೂಪಿಸುವ ಶಾಲೆ, ಆಸ್ಪತ್ರೆ, ಮನೆಗಳಲ್ಲಿ ಬಾಳುವವರೂ ಹೌದು.